ದೊಡ್ಡ ನೀರಿನ ಗುರುತು

ಶ್ರೀರಂಗಪಟ್ಟಣ
14 ಜುಲೈ 2025

ಶ್ರೀ ಲಕ್ಷ್ಮಣಾಚಾರಿಯವರಿಗೆ,
ಅಧ್ಯಕ್ಷರು, ವಿಪತ್ತು ಸಮಿತಿ, ಹೊನ್ನೆಕೊಪ್ಪಲು, ಬೂಕನಕೆರೆ ಹೋಬಳಿ

ಮಾನ್ಯರೇ,

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ನೆರೆ, ಕೆರೆ ಒಡೆಯುವುದು, ಬಂಡೆ ಜರಿಯುವುದು ಮುಂತಾದ ಅಪಾಯಗಳನ್ನು ಮೊದಲೇ ಗುರುತಿಸಿ, ಊರಿಗೊಂದು ಮುಂಜಾಗ್ರತಾ ಯೋಜನೆ ಬರೆಯಲು ಸರ್ಕಾರ ನಮ್ಮ ವಿಪತ್ತು ನಿರ್ವಹಣಾ ಘಟಕಕ್ಕೆ ಅನುದಾನ ಕೊಟ್ಟಿದೆ. ತಾಲ್ಲೂಕಿಗೆ ಎರಡು ಊರು. ಕೆ.ಆರ್. ಪೇಟೆಯಿಂದ ಆಯ್ಕೆಯಾದವುಗಳಲ್ಲಿ ತಮ್ಮ ಊರೂ ಒಂದು. ಕೆರೆಯ ಕೆಳಗಿರುವ ಮನೆಗಳು, ಹಿಂದೆ ನೀರು ನುಗ್ಗಿದ ವಿವರ, ತುರ್ತಾಗಿ ಆಗಬೇಕಾದ ಕೆಲಸ ಇವನ್ನು ತಿಳಿಸಬೇಕು. ಯೋಜನೆ ಒಪ್ಪಿಗೆಯಾದ ಊರಿಗೆ ಮಾತ್ರ ಕಾಮಗಾರಿಯ ಹಣ ಬರುತ್ತದೆ.

ತಮ್ಮ ವಿಶ್ವಾಸಿ,
ಅಪರ್ಣ ರಾಮಸ್ವಾಮಿ
ಯೋಜನಾ ಸಹಾಯಕಿ

◆

ಹೊನ್ನೆಕೊಪ್ಪಲು
19 ಜುಲೈ 2025

ಮೇಡಂ ಅವರಿಗೆ ಲಕ್ಷ್ಮಣಾಚಾರಿ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದದಲ್ಲಿ ಫೋನ್ ನಂಬರೂ ಇತ್ತು. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಕಾಗದವಾದರೆ ನಿಮ್ಮ ಟಪಾಲು ಪುಸ್ತಕದಲ್ಲಿ ನಂಬರು ಬೀಳುತ್ತದೆ. ನಾಳೆ "ನೀವು ಹೇಳಲೇ ಇಲ್ಲ" ಅನ್ನುವ ಹಾಗಿಲ್ಲ ನೋಡಿ.

ನಾನು ಅಧ್ಯಕ್ಷನಾದ ಬಗೆ ಮೊದಲು ಕೇಳಿ. ಸಮಿತಿ ಮಾಡಿದ ದಿನ ನಾನು ಚಿನಕುರಳಿಯಲ್ಲಿ ಒಂದು ಮನೆಗೆ ಬಾಗಿಲವಾಡ ನಿಲ್ಲಿಸುತ್ತಿದ್ದೆ. ಸಭೆಗೆ ಬಂದವರೆಲ್ಲ "ನಾನೊಲ್ಲೆ, ನಾನೊಲ್ಲೆ" ಅಂದರಂತೆ. ಬಾರದವನ ತಲೆಗೆ ಪಟ್ಟ ಕಟ್ಟಿದರು. ಬಡಗಿ ಕೆಲಸ ಬಿಟ್ಟರೆ ನನಗೆ ಬರುವುದು ಬೈಗುಳ ಒಂದೇ, ಅದು ಅಧ್ಯಕ್ಷನಿಗೆ ಸಾಕು ಅಂದುಕೊಂಡಿರಬೇಕು.

ಯೋಜನೆ ಬರೆಯುವುದಕ್ಕೇ ದುಡ್ಡು ಅಂದಾಗ ಇಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗೆರೆ ಹಾಕದೆ ಗರಗಸ ಎತ್ತುವವನು ಬಡಗಿಯಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೇ ನಮ್ಮಲ್ಲಿ ವಾಡಿಕೆ. ಈ ಸಲ ಮೊದಲೇ ಹಾಕೋಣ ಅನ್ನುತ್ತಿದ್ದಾರಲ್ಲ, ಹಾಕಲಿ.

ಆಗಬೇಕಾದ್ದು ದೊಡ್ಡದೇನಲ್ಲ. ನಮ್ಮ ಕೆರೆ ತುಂಬಿದರೆ ಹೆಚ್ಚಿನ ನೀರು ಕೋಡಿ ಬಿದ್ದು ಹಳ್ಳಕ್ಕೆ ಹೋಗಬೇಕು. ಹಳ್ಳದಲ್ಲಿ ಜಾಲಿ ಬೆಳೆದು ನಿಂತಿದೆ. ಅದರ ದಂಡೆಯಲ್ಲೇ, ಕೆಳಗಿನ ಬೀದಿಯ ಕೊನೆಗೆ, ಯಾವ ಪುಣ್ಯಾತ್ಮನೋ ಅಂಗನವಾಡಿ ಕಟ್ಟಿಸಿದ್ದಾನೆ. ಹತ್ತೊಂಬತ್ತು ಮಕ್ಕಳು. ಅದರಲ್ಲಿ ಒಂದು ನನ್ನ ಮೊಮ್ಮಗಳು ಚಿನ್ನು. ಈ ಮಳೆಗಾಲದಲ್ಲೇ ಅಂಗನವಾಡಿಯನ್ನು ಅಲ್ಲಿಂದ ಎತ್ತಬೇಕು, ಹಳ್ಳ ಬಿಡಿಸಬೇಕು. ಬೇರೆ ಜಾಗಕ್ಕೆ ಸರ್ಕಾರದ ಹುಕುಂ ಇಲ್ಲದೆ ಅಕ್ಕಿ, ಬೇಳೆ ಕಳಿಸುವುದಿಲ್ಲ ಎಂದು ಟೀಚರ್ ಹರ್ಷಿತ ಪಾಪ ಕೈ ಹಿಸುಕಿಕೊಳ್ಳುತ್ತಾಳೆ.

ಇಷ್ಟೇ ನಮ್ಮ ಯೋಜನೆ. ಅರ್ಧ ಹಾಳೆಯಲ್ಲಿ ಮುಗಿಯಿತು. ಉಳಿದ ಹಾಳೆ ನೀವು ತುಂಬಿಕೊಳ್ಳಿ.

ಇಂತಿ,
ಲಕ್ಷ್ಮಣಾಚಾರಿ

◆

ಶ್ರೀರಂಗಪಟ್ಟಣ
8 ಆಗಸ್ಟ್ 2025

ಮಾನ್ಯ ಲಕ್ಷ್ಮಣಾಚಾರಿಯವರೇ,

ಜುಲೈ 30ರಂದು ನಮ್ಮ ಸರ್ವೇಯರ್ ರಘುನಂದನ್ ಅವರೊಂದಿಗೆ ತಮ್ಮ ಊರಿನ ಸ್ಥಳ ಪರಿಶೀಲನೆ ನಡೆಸಿ, ವಿವರಗಳನ್ನು ಖುದ್ದಾಗಿ ದೃಢಪಡಿಸಿಕೊಂಡಿದ್ದೇನೆ. ತಮ್ಮ ಮನೆಯ ಬಾಗಿಲವಾಡದ ಒಳಮೈಯಲ್ಲಿ ತಮ್ಮ ತಂದೆಯವರು ಹಿಂದಿನ ದೊಡ್ಡ ನೆರೆಯಲ್ಲಿ ಉಳಿಯಿಂದ ಕೊರೆದಿಟ್ಟ ನೀರಿನ ಗುರುತು ನಮಗೆ ಅಪರೂಪದ ದಾಖಲೆಯಾಗಿ ದೊರೆತಿದೆ. ಅದು ಹೊಸ್ತಿಲಿನಿಂದ ಎರಡೂವರೆ ಅಡಿ ಎತ್ತರದಲ್ಲಿದೆ.

ತಮ್ಮ ಮನೆ ಮೇಲಿನ ಬೀದಿಯಲ್ಲಿದೆ. ಅಲ್ಲಿಗೆ ಎರಡೂವರೆ ಅಡಿ ನೀರು ಬಂದಿದ್ದರೆ ಕೆಳಗಿನ ಬೀದಿಯಲ್ಲಿ ಹತ್ತು ಅಡಿ ನಿಂತಿರಬೇಕು. ಈ ಲೆಕ್ಕದ ನಕ್ಷೆಯಂತೆ ಊರಿನ ಯಾವ ಭಾಗವೂ ಸುರಕ್ಷಿತವಲ್ಲ. ಆದ್ದರಿಂದ ಇಡೀ ಹೊನ್ನೆಕೊಪ್ಪಲನ್ನು ಸ್ಥಳಾಂತರಿಸುವ ಶಿಫಾರಸು ಸಿದ್ಧವಾಗಿದೆ. ಸ್ಥಳಾಂತರದ ಪಟ್ಟಿಯಲ್ಲಿರುವ ಊರಿಗೆ ಹಳ್ಳ ಬಿಡಿಸುವುದು, ಅಂಗನವಾಡಿ ಬದಲಿಸುವುದು ಮುಂತಾದ ಸಣ್ಣ ಕಾಮಗಾರಿಗಳ ಹಣ ಬಿಡುಗಡೆಯಾಗುವುದಿಲ್ಲ ಎಂಬುದನ್ನು ಗಮನಕ್ಕೆ ತರುತ್ತೇನೆ. ಆದರೆ ಊರಿಗೇ ಹೊಸ ಜಾಗ ಸಿಗುವಾಗ ಇದು ಸಂತೋಷದ ವಿಷಯವಲ್ಲವೇ?

ಅಪರ್ಣ

◆

ಹೊನ್ನೆಕೊಪ್ಪಲು
13 ಆಗಸ್ಟ್ 2025

ಮೇಡಂ ಅವರಿಗೆ ನಮಸ್ಕಾರ.

ಸಂತೋಷ ಇಲ್ಲಿ ಉಕ್ಕಿ ಹರಿಯುತ್ತಿದೆ. ನಿಮ್ಮ ಕಾಗದ ಓದಿ ಹೇಳಿದ ದಿನದಿಂದ ಊರಲ್ಲಿ ಯಾರಿಗೂ ಬೇರೆ ಮಾತಿಲ್ಲ. ಎದುರುಮನೆಯ ನರಸಯ್ಯ ತನ್ನ ಎಮ್ಮೆಗಳಿಗೆ ಹೊಸ ಊರಿನಲ್ಲಿ ಎಷ್ಟು ಅಡಿ ಕೊಟ್ಟಿಗೆ ಎಂದು ಕೇಳುತ್ತಾನೆ. ನನ್ನ ಹೆಂಡತಿ ಪುಟ್ಟತಾಯಮ್ಮ, "ಊರ್ ಎತ್ಕಂಡೋದ್ರೆ ಕರಿಬೇವಿನ್ ಗಿಡಾನೂ ಎತ್ಕಂಡೋಯ್ತಾರಾ ಕೇಳಿ ಬರೀರಿ" ಅಂದಳು. ಬರೆದಿದ್ದೇನೆ.

ಸ್ಥಳಾಂತರ ಅಂದರೆ ಎಷ್ಟು ವರ್ಷ ಹಿಡಿಯುತ್ತದೆ ಎಂದು ನನಗೆ ಗೊತ್ತು, ನಿಮಗೂ ಗೊತ್ತು. ಅಲ್ಲಿಯವರೆಗೆ ಮಕ್ಕಳು ಹಳ್ಳದ ದಂಡೆಯಲ್ಲೇ ಕೂರಬೇಕೇ? ಆ ಬಾಗಿಲಿನ ಗುರುತನ್ನು ಅಷ್ಟೊಂದು ನೆಚ್ಚಿಕೊಳ್ಳಬೇಕೇ, ಬೇರೆ ಅಳತೆ ಹಿಡಿಯಲು ಬರುವುದಿಲ್ಲವೇ, ಯೋಚಿಸಿ.

ಇನ್ನೊಂದು ಮಾತು. ನೀವು ಖುದ್ದಾಗಿ ಬಂದು ನೋಡಿದೆ ಎಂದು ಬರೆದಿದ್ದೀರಿ. ಜುಲೈ ಮೂವತ್ತರಂದು ನಮ್ಮೂರಿಗೆ ಬಂದವರು ಒಬ್ಬರೇ. ಅವರಿಗೆ ದಪ್ಪ ಮೀಸೆಯಿತ್ತು, ಪುಟ್ಟತಾಯಮ್ಮ ಕೊಟ್ಟ ಮಜ್ಜಿಗೆ ಮೂರು ಲೋಟ ಕುಡಿದರು. ಅದು ನೀವಾಗಿದ್ದರೆ ಕ್ಷಮಿಸಿ.

ಇಂತಿ,
ಲಕ್ಷ್ಮಣಾಚಾರಿ

◆

ಶ್ರೀರಂಗಪಟ್ಟಣ
20 ಆಗಸ್ಟ್ 2025

ಆಚಾರ್ಯರಿಗೆ ನಮಸ್ಕಾರ.

ಈ ಕಾಗದವನ್ನು ಮನೆಯಿಂದ ಬರೆಯುತ್ತಿದ್ದೇನೆ. ಇದಕ್ಕೆ ಟಪಾಲು ನಂಬರಿಲ್ಲ.

ಮಜ್ಜಿಗೆ ಕುಡಿದದ್ದು ನಾನಲ್ಲ. ಜುಲೈ ಮೂವತ್ತಕ್ಕೆ ನನ್ನ ಗೆಳತಿ ಸ್ನೇಹಳ ಮದುವೆ ಮೈಸೂರಿನಲ್ಲಿತ್ತು. ರಘುನಂದನ್ ಹೇಗೂ ಹೋಗುತ್ತಾರಲ್ಲ ಎಂದು ನಾನು ಹೋಳಿಗೆ ಊಟಕ್ಕೆ ಹೋದೆ. ಮರುದಿನ ಅವರ ಅಳತೆ ನೋಡಿ "ಖುದ್ದಾಗಿ ಪರಿಶೀಲಿಸಿದೆ" ಎಂದು ಸಹಿ ಹಾಕಿದೆ. ನಾನು ಗುತ್ತಿಗೆಯ ಮೇಲಿರುವವಳು, ಮಾರ್ಚಿಗೆ ನವೀಕರಣವಾಗಬೇಕು. ನಿಮ್ಮ ಕಾಗದ ಓದಿ ಎರಡು ದಿನ ಅನ್ನ ಸೇರಲಿಲ್ಲ.

ನಮ್ಮ ತಂದೆ ದೇವಸ್ಥಾನದಲ್ಲಿ ಪೂಜೆ ಮಾಡುವವರು. ಅವರಿಗೆ ಹೇಳಿದೆ. "ಗರ್ಭಗುಡಿಗೆ ಹೋಗದೆ ಮಂಗಳಾರತಿ ಆಯ್ತು ಅಂತ ನಾನು ಹೇಳಿದರೆ ಹೇಗಿರತ್ತೆ ಪುಟ್ಟಿ?" ಅಂದರು. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ನನ್ನ ತಪ್ಪನ್ನು ಸಾಹೇಬರಿಗೆ ಬರೆದುಕೊಡುತ್ತೇನೆ. ಆದರೆ ನಕ್ಷೆ ತಪ್ಪು ಎಂದು ಹೇಳಲು ನನ್ನಲ್ಲಿ ಏನೂ ಆಧಾರವಿಲ್ಲ. ನಿಮ್ಮ ತಂದೆಯವರ ಗುರುತು ಮರದಲ್ಲಿ ಕೊರೆದಿದೆ, ಅದು ಸುಳ್ಳಾಡುವುದಿಲ್ಲವಲ್ಲ. ನಿಮಗೆ ಏನಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಆ ಹತ್ತೊಂಬತ್ತು ಮಕ್ಕಳು ನನಗೂ ಕಣ್ಣಿಗೆ ಕಟ್ಟಿದ್ದಾರೆ.

ಅಪರ್ಣ

◆

ಹೊನ್ನೆಕೊಪ್ಪಲು
25 ಆಗಸ್ಟ್ 2025

ಅಪರ್ಣಮ್ಮನವರಿಗೆ,

ಎಲ್ಲರ ಮನೆ ದೋಸೆಯೂ ತೂತೇ ತಾಯಿ. ನಿನ್ನದಕ್ಕಿಂತ ನಮ್ಮ ಮನೆಯದು ದೊಡ್ಡ ತೂತು. ನೀನು ಮಗಳ ವಯಸ್ಸಿನವಳು, ನಿಜ ಒಪ್ಪಿಕೊಂಡೆ. ಅರವತ್ತನಾಲ್ಕರ ನಾನು ನಿನ್ನನ್ನು ಕೆಣಕಿ ನನ್ನ ಕಳ್ಳತನ ಮುಚ್ಚಿಕೊಂಡೆ. ನಾಚಿಕೆಯಾಯಿತು.

ನಿಮ್ಮ ಸರ್ವೇಯರ್ ಅಳೆದ ಬಾಗಿಲವಾಡ ನಮ್ಮಪ್ಪ ಮಾಡಿದ್ದು. ಅದು ಮೊದಲಿದ್ದದ್ದು ಕೆಳಗಿನ ಬೀದಿಯ ಹಳೇ ಮನೆಯಲ್ಲಿ. ದೊಡ್ಡ ನೀರು ಬಂದಾಗ ಅಪ್ಪ ಗುರುತು ಕೊರೆದದ್ದೂ ಅಲ್ಲೇ. ಇಪ್ಪತ್ತೇಳು ವರ್ಷದ ಹಿಂದೆ ಮೇಲಿನ ಬೀದಿಯಲ್ಲಿ ಈ ಮನೆ ಕಟ್ಟಿದೆ. ಬಡಗಿಯ ಮನೆ, ಬಾಗಿಲು ನೋಡಿಯೇ ಜನ ಕೆಲಸ ಕೊಡುವುದು. ಅಪ್ಪನ ಬಾಗಿಲವಾಡದಲ್ಲಿ ಇದ್ದಂಥ ಗಿಣಿಯನ್ನೇ ಹೊಸದಕ್ಕೂ ಕೆತ್ತಲು ಮೂರು ತಿಂಗಳು ಕೂತೆ. ಅಪ್ಪನ ಗಿಣಿ ಹಾರುವ ಹಾಗಿತ್ತು, ನನ್ನದು ಕೋಳಿಯ ಹಾಗೆ ಕೂತಿತು. ಕೊನೆಗೆ ಹಳೇ ಬಾಗಿಲವಾಡವನ್ನೇ ಕಿತ್ತು ತಂದು, ಬಣ್ಣ ಹೆರೆದು, ಎಣ್ಣೆ ಹಚ್ಚಿ ನಿಲ್ಲಿಸಿಬಿಟ್ಟೆ. ಅಪ್ಪನದಕ್ಕೆ ಗೆದ್ದಲು ಹಿಡಿಯಿತು, ಒಲೆಗೆ ಹಾಕಿದೆ, ಇದು ನನ್ನ ಕೈಕೆಲಸ ಎಂದು ಊರಿಗೆಲ್ಲ ಹೇಳಿದೆ. ಅದನ್ನು ನೋಡಿ ಬೂಕನಕೆರೆ, ಚಿನಕುರಳಿ, ನಾಗಮಂಗಲದ ತನಕ ಜನ ಬಾಗಿಲು ಮಾಡಿಸಿದರು.

ಸರ್ವೇಯರ್ ಬಂದಾಗ ಹೆಮ್ಮೆ ತಡೆಯಲಾರದೆ ಗುರುತು ತೋರಿಸಿ, ಅಪ್ಪ ಕೊರೆದದ್ದು ಅಂದೆ. "ಇದೇ ಮನೇಲಿ ತಾನೆ?" ಎಂದು ಅವರು ಕೇಳುವುದಕ್ಕೂ ನರಸಯ್ಯ ಒಳಗೆ ಬರುವುದಕ್ಕೂ ಸರಿಹೋಯಿತು. ನನ್ನ ಬಾಯಿಂದ "ಹ್ಞೂಂ" ಬಂತು. ಆ ಒಂದು ಹ್ಞೂಂ ಊರನ್ನೇ ಎತ್ತಿ ಹಾಕುತ್ತದೆ ಎಂದು ಯಾರಿಗೆ ಗೊತ್ತಿತ್ತು? ಅಂದಿನಿಂದ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಗಿದೆ. ಮಳೆ ಮೋಡ ಕಂಡರೆ ಚಿನ್ನುವನ್ನು ಅಂಗನವಾಡಿಗೆ ಕಳಿಸುವುದಿಲ್ಲ. ಉಳಿದ ಹದಿನೆಂಟು ಮಕ್ಕಳು ಹೋಗುವುದನ್ನು ಜಗಲಿ ಮೇಲೆ ಕೂತು ನೋಡುತ್ತೇನೆ.

ಹಳೇ ಮನೆ ಬಿದ್ದಿದೆ, ಹೊಸ್ತಿಲ ಕಲ್ಲು ಮಾತ್ರ ಅಲ್ಲೇ ಇದೆ. ಅಲ್ಲಿಂದ ಎರಡೂವರೆ ಅಡಿ ಅಳೆದುಕೊಂಡು ನಕ್ಷೆಯನ್ನು ಸದ್ದಿಲ್ಲದೆ ತಿದ್ದಿಬಿಡು ತಾಯಿ. ಯಾರಿಗೂ ಗೊತ್ತಾಗುವುದು ಬೇಡ.

ಲಕ್ಷ್ಮಣಾಚಾರಿ

◆

ಶ್ರೀರಂಗಪಟ್ಟಣ
29 ಆಗಸ್ಟ್ 2025

ಪ್ರೀತಿಯ ಆಚಾರ್ಯರಿಗೆ,

ನಿಮ್ಮ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ನಿಮ್ಮ ಕೋಳಿಯಂಥ ಗಿಣಿಯನ್ನು ನೆನೆದು ಇನ್ನೂ ನಕ್ಕೆ. ಮನಸ್ಸು ಹಗುರಾಯಿತು. ಆದರೆ ಸದ್ದಿಲ್ಲದೆ ತಿದ್ದಲು ಆಗುವುದಿಲ್ಲ. ಊರಿನವರು ಕೊಟ್ಟ ಮಾಹಿತಿ ತಪ್ಪಾಗಿದ್ದರೆ, ಕೊಟ್ಟವರೇ ಗ್ರಾಮಸಭೆಯಲ್ಲಿ ಎದ್ದು ಹೇಳಬೇಕು, ಅದು ನಡಾವಳಿಯಲ್ಲಿ ದಾಖಲಾಗಬೇಕು. ಅನುದಾನದ ನಿಯಮ ಹಾಗಿದೆ.

ನಾನು ಸಾಹೇಬರಿಗೆ ಹೇಳಿಕೊಂಡಾಯಿತು. ನೋಟಿಸು ಕೊಟ್ಟರು. ಸ್ಥಳಾಂತರದ ಶಿಫಾರಸನ್ನು ಸೆಪ್ಟೆಂಬರ್ ಇಪ್ಪತ್ತರವರೆಗೆ ತಡೆಹಿಡಿಯಲು ಒಪ್ಪಿದ್ದಾರೆ. ನಿಮ್ಮ ಗ್ರಾಮಸಭೆ ಹದಿನಾರಕ್ಕಿದೆ. ಅಂದು ನೀವು ಹೇಳಿದರೆ ನಾನೇ ಬಂದು ಹೊಸ್ತಿಲ ಕಲ್ಲಿನಿಂದ ಅಳೆಯುತ್ತೇನೆ, ಮಕ್ಕಳನ್ನು ಎತ್ತಲು ಹುಕುಂ ಕೊಡಿಸುತ್ತೇನೆ. ಹೇಳದಿದ್ದರೆ ಕಡತ ಮುಂದಕ್ಕೆ ಹೋಗುತ್ತದೆ, ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ.

ನಿಮ್ಮ ಹೆಸರಿನ ಪ್ರಶ್ನೆ ನನಗೆ ಅರ್ಥವಾಗುತ್ತದೆ. ಒತ್ತಾಯ ಮಾಡಲಾರೆ.

ಅಪರ್ಣ

◆

ಶ್ರೀರಂಗಪಟ್ಟಣ
11 ಸೆಪ್ಟೆಂಬರ್ 2025

ಆಚಾರ್ಯರೇ,

ಹದಿಮೂರು ದಿನವಾಯಿತು, ನಿಮ್ಮಿಂದ ಒಂದು ಗೆರೆ ಇಲ್ಲ. ಬಯ್ದಾದರೂ ಬರೆಯಿರಿ. ನಾಗಮಂಗಲದ ಕಡೆ ಎರಡು ಕೆರೆ ಆಗಲೇ ತುಂಬಿವೆ ಎಂದು ಇವತ್ತು ಕಚೇರಿಗೆ ಸುದ್ದಿ ಬಂತು.

ಅಪರ್ಣ

◆

ಹೊನ್ನೆಕೊಪ್ಪಲು
17 ಸೆಪ್ಟೆಂಬರ್ 2025

ಮಗಳು ಅಪರ್ಣಳಿಗೆ ಲಕ್ಷ್ಮಣಾಚಾರಿಯ ಆಶೀರ್ವಾದ.

ಬರೆಯದೆ ಇದ್ದದ್ದು ಕೋಪದಿಂದಲ್ಲ, ಹೆದರಿಕೆಯಿಂದ. ಬರೆದರೆ ಹೇಳುತ್ತೇನೆ ಎಂದು ಮಾತು ಕೊಟ್ಟಂತಾಗುತ್ತದಲ್ಲ.

ನಿನ್ನೆ ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಊರಿಗೆ ಊರೇ ಬಂದಿತ್ತು. ನಾನು ಬಾಗಿಲು ಮಾಡಿಕೊಟ್ಟ ಹನ್ನೊಂದು ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು, ಬೇಕೆಂದೇ ಕೂರಿಸಿದ ಹಾಗೆ. ನಕ್ಷೆಯ ಮಾತು ಬಂದಾಗ ಎದ್ದೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನಾದರೂ ಹೇಳಿ ಕೂತುಬಿಡೋಣ ಅಂದುಕೊಂಡೆ. ಅಷ್ಟರಲ್ಲಿ ಟೀಚರ್ ಹರ್ಷಿತ ಅಂಗನವಾಡಿಯ ಮಕ್ಕಳನ್ನು ಸಾಲಾಗಿ ಕರೆತಂದು ಚಾಪೆ ಮೇಲೆ ಕೂರಿಸಿದಳು. ಒಂದು ಮಗು ನನ್ನನ್ನು ನೋಡಿ ನಾಲಿಗೆ ಚಾಚಿತು.

"ನಮ್ಮನೆ ಬಾಗ್ಲವಾಡ ನಾನ್ ಮಾಡಿದ್ದಲ್ಲ" ಅಂದೆ. "ನಮ್ಮಪ್ಪಂದು. ಕೆಳಗ್ಲ ಬೀದಿಯಿಂದ ಕಿತ್ತಾಕಂಬಂದು ನಿಲ್ಸಿದ್ದು. ನೀರು ಮೇಲ್ಗಡೆ ಬೀದಿಗೆ ಬಂದೇ ಇಲ್ಲ. ನಿಮ್ಗೆಲ್ಲಾ ಸುಳ್ಳೇಳಿದ್ದೆ."

ನರಸಯ್ಯ ಬೀಡಿ ಆರಿಸಿ ಎದ್ದ. ನನಗಿಂತ ಆರು ವರ್ಷಕ್ಕೆ ದೊಡ್ಡವನು, ಊರಿನಲ್ಲಿ ಬಾಯಿಗೆ ಬೀಗವಿಲ್ಲದ ಮನುಷ್ಯ.

"ಕುತ್ಕಳ್ಲಾ ಆಚಾರಿ, ಎಲ್ಲಾರ್ಗೂ ಗೊತ್ತು" ಅಂದ.

"ಏನ್ ಗೊತ್ತು?"

"ಆ ಗಿಣಿ ನಿಮ್ಮಪ್ಪುನ್ ಕೈದು ಅಂತ. ಚಿಕ್ಕುಡ್ಗ ಆಗಿದ್ದಾಗ ಅದ್ರ ಮೂಗ್ ಮುರ್ದೋನೇ ನಾನು ಕಣ್ಲಾ. ನಿಮ್ಮಪ್ಪ ನನ್ ಕಿವಿ ಹಿಂಡಿ, ಮೂಗಿಗೆ ತೇಪೆ ಆಕ್ದ. ನಿನ್ ಹೊಸಮನೆ ಗೃಹಪ್ರವೇಶದ ದಿನ ಬಾಗ್ಲಲ್ಲಿ ನಿಂತು ನೋಡ್ತೀನಿ, ಅದೇ ತೇಪೆ!"

ಇಪ್ಪತ್ತೇಳು ವರ್ಷ ಮಗಳೇ. ಎಲ್ಲರಿಗೂ ಗೊತ್ತಿತ್ತು. ಪುಟ್ಟತಾಯಮ್ಮ ಹೆಂಗಸರ ಸಾಲಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

"ಗೊತ್ತಿದ್ದೂ ನನ್ ಕೈಲಿ ಯಾಕಯ್ಯಾ ಬಾಗ್ಲು ಮಾಡುಸ್ಕಂಡೆ?" ಅಂದೆ.

"ನೀನ್ ಮಾಡಿದ್ ಬಾಗ್ಲು ಮಳೇಲೂ ಬಿಗಿಯಲ್ಲ, ಬೇಸ್ಗೇಲೂ ಬಿರ್ಕು ಬುಡಲ್ಲ. ಗಿಣಿ ಇಟ್ಕಂಡು ನಾನೇನ್ ಮಾಡ್ಲಿ?"

"ಮತ್ತೆ ಸರ್ವೇಯರ್ ಕೇಳ್ದಾಗ ಅಲ್ಲ ಅಂತ ಯೋಳಬಾರ್ದಾಗಿತ್ತಾ?"

ನರಸಯ್ಯ ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದ. "ನೀನೇ ಹ್ಞೂಂ ಅಂದ್ಬುಟ್ಟೆ. ನಾನ್ ಅಲ್ಲ ಅಂದ್ರೆ ಪರಸ್ಥಳದೋರ್ ಮುಂದೆ ನಿನ್ ಮರ್ವಾದೆ ಏನಾಗ್ಬೇಕು? ಊರ್ ಎತ್ತಾಕ್ತೀವಿ ಅಂದ್ರು. ಅದಕ್ಕಿನ್ನೂ ಟೈಮೈತೆ, ಅಷ್ಟೊತ್ಗೆ ನೀನೇ ಯೋಳ್ತೀಯ ಅಂತ ಎಲ್ಲಾರೂ ಸುಮ್ಕಾದೋ."

ನಾನು ಕೂತೆ. ಕೂತು, ಎಲ್ಲರ ಮುಂದೆ ಅತ್ತುಬಿಟ್ಟೆ. ನನ್ನ ಮರ್ಯಾದೆ ಮುಳುಗದಿರಲಿ ಎಂದು ಒಂದು ಊರೇ ಎದ್ದು ಹೋಗುವುದಕ್ಕೆ ತಯಾರಾಗಿತ್ತಲ್ಲ, ಇಂಥವರ ಮಧ್ಯೆ ಬದುಕಿದ್ದೀನಿ ಎಂದು ನನಗೆ ಇಷ್ಟು ದಿನ ತಿಳಿದಿರಲಿಲ್ಲ. ಹದಿನೆಂಟು ಮಕ್ಕಳನ್ನು ಜಗಲಿಯಿಂದ ನೋಡುತ್ತ ಕೂತಿದ್ದವನು ನಾನು ಎಂಬುದೂ ನೆನಪಾಯಿತು. ಅದನ್ನೂ ಸಭೆಯಲ್ಲಿ ಹೇಳಿದೆ. ಆಗ ಯಾರೂ ನಗಲಿಲ್ಲ. ಅದು ಸರಿಯೇ.

ನಡಾವಳಿಯಲ್ಲಿ ಎಲ್ಲ ದಾಖಲಾಗಿದೆ, ನಕಲು ಜೊತೆಗಿಟ್ಟಿದ್ದೇನೆ. ಗಿಣಿಯ ಮೂಗನ್ನೂ ಬರೆಯಬೇಕೆಂದು ನರಸಯ್ಯ ಹಟ ಹಿಡಿದು ಬರೆಸಿದ್ದಾನೆ, ನಿಮ್ಮ ಸಾಹೇಬರು ತಪ್ಪು ತಿಳಿಯಬಾರದು. ಕಾಗದ ಕೈಸೇರಿದ ದಿನವೇ ಬಾ. ಮಜ್ಜಿಗೆ ಇದೆ.

ಲಕ್ಷ್ಮಣಾಚಾರಿ

◆

ಶ್ರೀರಂಗಪಟ್ಟಣ
4 ಅಕ್ಟೋಬರ್ 2025

ಪ್ರೀತಿಯ ಆಚಾರ್ಯರಿಗೆ,

ನಿಮ್ಮ ಮನೆಯಿಂದ ಬಂದು ಎರಡು ವಾರವಾದರೂ ಪುಟ್ಟತಾಯಮ್ಮನವರ ಉಪ್ಪೆಸರಿನ ರುಚಿ ನಾಲಿಗೆ ಬಿಟ್ಟಿಲ್ಲ. ಹೊಸ ನಕ್ಷೆ ಒಪ್ಪಿಗೆಯಾಯಿತು. ನಾನು ಹೊಸ್ತಿಲ ಕಲ್ಲಿನಿಂದ ಅಳೆದ ಪ್ರಕಾರ ಅಪಾಯವಿರುವುದು ಹಳ್ಳದ ಪಕ್ಕದ ಹನ್ನೆರಡು ಮನೆ ಮತ್ತು ಅಂಗನವಾಡಿಗೆ ಮಾತ್ರ. ಊರು ಇದ್ದಲ್ಲೇ ಇರುತ್ತದೆ, ಕರಿಬೇವಿನ ಗಿಡವೂ.

ಹಳ್ಳ ಬಿಡಿಸಲು, ಕೋಡಿ ಭದ್ರ ಮಾಡಲು, ಮೇಲಿನ ಬೀದಿಯಲ್ಲಿ ಹೊಸ ಅಂಗನವಾಡಿಗೆ ಹಣ ಮಂಜೂರಾಗಿದೆ. ಕಟ್ಟಡ ಏಳುವವರೆಗೆ ನರಸಯ್ಯನವರ ಖಾಲಿ ರೇಷ್ಮೆಹುಳು ಮನೆಯಲ್ಲಿ ಮಕ್ಕಳನ್ನು ಕೂರಿಸಲು ಹುಕುಂ ಇದರೊಂದಿಗಿದೆ. ಸೋಮವಾರದಿಂದಲೇ ಶುರುಮಾಡಿ.

ಗಿಣಿಯ ಮೂಗಿನ ಸಾಲನ್ನು ಸಾಹೇಬರು ಎರಡು ಸಲ ಓದಿದರು. ನಕ್ಕದ್ದು ಕಾಣಬಾರದೆಂದು ಕಡತ ಮುಖಕ್ಕೆ ಹಿಡಿದುಕೊಂಡರು. ನನ್ನ ನೋಟಿಸಿಗೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಇನ್ನು ಎಂಟು ಊರಿಗೂ ನಾನೇ ಹೋಗಿ ನೋಡಬೇಕಂತೆ. ಅದು ಶಿಕ್ಷೆ ಎಂದು ಅವರು ತಿಳಿದಿದ್ದಾರೆ.

ನಿಮ್ಮ,
ಅಪರ್ಣ

◆

ಹೊನ್ನೆಕೊಪ್ಪಲು
25 ಅಕ್ಟೋಬರ್ 2025

ಮಗಳು ಅಪರ್ಣಳಿಗೆ,

ನಾವೆಲ್ಲ ಕ್ಷೇಮ. ಈ ಮಾತನ್ನು ಎಲ್ಲ ಕಾಗದದಲ್ಲೂ ಬರೆಯುತ್ತಾರೆ, ಇವತ್ತು ಮನಸ್ಸಿಟ್ಟು ಬರೆಯುತ್ತಿದ್ದೇನೆ.

ಮೂರು ದಿನ ಸುರಿಯಿತು. ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಕೆರೆ ಕೋಡಿ ಬಿತ್ತು. ಹಳ್ಳ ಬಿಡಿಸುವ ಕೆಲಸ ಅರ್ಧ ಆಗಿತ್ತು, ಅರ್ಧ ನೀರು ಅದರಲ್ಲಿ ಹೋಯಿತು. ಉಳಿದದ್ದು ನೇರ ಅಂಗನವಾಡಿಗೆ ನುಗ್ಗಿತು. ನಾವು ಏರಿಯ ಮೇಲೆ ನಿಂತು ನೋಡಿದೆವು. ಮುಂದಿನ ಬಾಗಿಲು ಮುರಿದು, ಹಿಂದಿನ ಗೋಡೆ ಕೆಡವಿಕೊಂಡು ಹೋಯಿತು. ಹನ್ನೆರಡು ಮನೆಯವರನ್ನು ನಿನ್ನ ಯೋಜನೆಯಲ್ಲಿ ಬರೆದ ಹಾಗೇ ಹಿಂದಿನ ದಿನವೇ ಶಾಲೆಗೆ ಸಾಗಿಸಿದ್ದೆವು. ಒಂದು ಕೋಳಿಯೂ ಹೋಗಲಿಲ್ಲ.

ಹನ್ನೊಂದು ಗಂಟೆ ಅಂದರೆ ಮಕ್ಕಳಿಗೆ ಉಪ್ಪಿಟ್ಟು ಬಡಿಸುವ ಹೊತ್ತು. ಗೋಡೆ ಬಿದ್ದದ್ದನ್ನು ಕಂಡವನೇ ರೇಷ್ಮೆಹುಳು ಮನೆಗೆ ಓಡಿದೆ. ಮಕ್ಕಳು ಅಲ್ಲೇ ಇದ್ದಾರೆಂದು ಗೊತ್ತಿತ್ತು, ಆದರೂ ಕಾಲು ಕೇಳಲಿಲ್ಲ. ನನ್ನ ಹಿಂದೆಯೇ ನರಸಯ್ಯನೂ ಓಡಿ ಬಂದ. ಸಾಲಾಗಿ ತಟ್ಟೆ ಇಟ್ಟುಕೊಂಡು ಕೂತಿದ್ದರು. ಎಣಿಸಿದೆ. ಇಪ್ಪತ್ತು ಬಂತು. ಮತ್ತೆ ಎಣಿಸಿದೆ, ಇಪ್ಪತ್ತೇ.

"ಟೀಚರಮ್ಮಾ, ಒಂದು ಜಾಸ್ತಿ ಐತೆ!" ಅಂದೆ.

"ನಮ್ಮನೆ ಕೂಸು ಕಣಯ್ಯ, ಇನ್ನೂ ಎರಡು ವರ್ಷ ತುಂಬಿಲ್ಲ" ಅಂದ ನರಸಯ್ಯ, ಏದುಸಿರು ಬಿಡುತ್ತ. "ಉಪ್ಪಿಟ್ ವಾಸ್ನೆಗೆ ನುಗ್ಗೈತೆ, ಇರ್ಲಿ ಬುಡು."

ಇಬ್ಬರು ಮುದುಕರೂ ಬಾಗಿಲಲ್ಲೇ ನೆಲಕ್ಕೆ ಕೂತುಬಿಟ್ಟೆವು. ಹರ್ಷಿತ ನಮಗೂ ಒಂದೊಂದು ತಟ್ಟೆ ಕೊಟ್ಟಳು. ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿತ್ತು. ಯಾರೂ ಹೇಳಲಿಲ್ಲ.

ಲಕ್ಷ್ಮಣಾಚಾರಿ